ಸೈಕ್ಲೋಸ್ಟೈಲಿನ ಮೂರು ಬಿಳಿ ಪಟ್ಟೆ

ಜಗಳೂರಿನ ಹೈಸ್ಕೂಲೊಂದಕ್ಕೆ ನಾನು ಟೈಪಿಸ್ಟಾಗಿ ಸೇರಿದಾಗ ಅಲ್ಲಿ ಟೈಪಿಂಗ್ ಬಲ್ಲವಳು ನಾನೊಬ್ಬಳೇ, ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳೂ ನಾನೊಬ್ಬಳೇ. ಎಂಬತ್ತರ ದಶಕದ ಮೊದಲ ವರ್ಷಗಳು. ಹೊನ್ನಾಳಿಯಲ್ಲಿ ತಗಡಿನ ಮಾಡಿನ ಕೆಳಗೆ ನಡೆಯುತ್ತಿದ್ದ ಟೈಪಿಂಗ್ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಪಾಸು ಮಾಡಿ, ಮದುವೆಯಾಗಿ ಜಗಳೂರಿಗೆ ಬಂದಿದ್ದೆ. ಇಪ್ಪತ್ತನಾಲ್ಕು ವಯಸ್ಸು. ಕೈಯಲ್ಲಿ ಎರಡು ಸರ್ಟಿಫಿಕೇಟು ಇದ್ದುದರಿಂದ ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇಲ್ಲವೆಂದು ನಂಬಿದ್ದೆ.

ಆಫೀಸು ಅಂದರೆ ಹೆಡ್ಮಾಸ್ತರ ಕೋಣೆಯ ಪಕ್ಕದ ಒಂದು ಸಣ್ಣ ರೂಮು. ಅದರಲ್ಲಿ ನನ್ನ ಟೈಪ್‌ರೈಟರು, ಎರಡು ಬೀರು, ಕಿಟಕಿಯ ಕೆಳಗೆ ಸೈಕ್ಲೋಸ್ಟೈಲ್ ಯಂತ್ರ. ಈಗಿನವರು ಅದನ್ನು ಕಂಡಿರುವುದಿಲ್ಲ, ಹೇಳುತ್ತೇನೆ. ಒಂದು ದೊಡ್ಡ ಡಬ್ಬಿಯನ್ನು ಅಡ್ಡ ಮಲಗಿಸಿ ಹ್ಯಾಂಡಲ್ ಸಿಕ್ಕಿಸಿದರೆ ಹೇಗಿರುತ್ತದೋ ಹಾಗಿರುತ್ತಿತ್ತು. ಆ ಡಬ್ಬಿಗೆ ಡ್ರಮ್ ಎನ್ನುತ್ತಿದ್ದೆವು. ಡ್ರಮ್ಮಿನ ಮೈಯೆಲ್ಲ ಸೂಜಿಮೊನೆಯಷ್ಟು ಸಣ್ಣ ತೂತುಗಳು. ಒಳಗೆ ಗಟ್ಟಿ ಕಪ್ಪು ಇಂಕು. ಡ್ರಮ್ಮಿನ ಮೇಲೊಂದು ತೆಳು ಬಟ್ಟೆ, ಬಟ್ಟೆಯ ಮೇಲೆ ನಾನು ಟೈಪು ಮಾಡಿದ ಮೇಣದ ಸ್ಟೆನ್ಸಿಲ್ ಹಾಳೆ. ಹ್ಯಾಂಡಲ್ ತಿರುವಿದರೆ ಇಂಕು ತೂತಿನಿಂದ ಬಟ್ಟೆಗೆ, ಬಟ್ಟೆಯಿಂದ ಸ್ಟೆನ್ಸಿಲ್ಲಿನಲ್ಲಿ ಟೈಪಿನ ಮೊಳೆ ಕೊರೆದ ಅಕ್ಷರಗಳಿಗೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತಿತ್ತು. ಒಂದು ಸುತ್ತಿಗೆ ಒಂದು ಪ್ರತಿ.

ತಿರುವುವ ಕೆಲಸ ನಮ್ಮ ಜವಾನರದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹತ್ತಿರದ ಸೊಕ್ಕೆ ಹಳ್ಳಿಯ ಕಡೆಯವರು. ಖಾಕಿ ಅಂಗಿ, ಕಿವಿಯ ಹಿಂದೆ ಒಂದು ಪೆನ್ಸಿಲ್, ಮಾತು ಕಡಿಮೆ. ಗಂಟೆ ಹೊಡೆಯುವುದು, ನೀರು ತುಂಬಿಸುವುದು, ತಪಾಲು ಪೋಸ್ಟಿಗೆ ಹಾಕುವುದು ಎಲ್ಲ ಅವರೇ. ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೇ ಇದ್ದರು. ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಬಹಳ ಕಾಲದಿಂದ ದುಡಿಯುತ್ತಿರುವ ದಿನಗೂಲಿಯವರನ್ನು ಖಾಯಂ ಮಾಡಬಹುದು, ಆದರೆ ಶಾಲೆಯ ಮುಖ್ಯಸ್ಥರು ಒಳ್ಳೆಯ ಕೆಲಸಗಾರನೆಂದು ಬರೆದು ಕಳಿಸಬೇಕು ಎಂದು. ಅದನ್ನು ಟೈಪು ಮಾಡಬೇಕಾದವಳು ನಾನು. ಅವರು ದಿನಾ ಬೆಳಿಗ್ಗೆ ನನ್ನ ಮೇಜು ಒರೆಸುತ್ತ ಕೇಳುತ್ತಿದ್ದರು.

"ಅಮ್ಮಾರೆ, ನನ್ ಕಾಗದ ಟೈಪಾತೇನ್ರಿ?"

"ಆಗ್ತೈತೆ ಇರ್ರಿ, ಅಣ್ಣಾರೆ. ಪರೀಕ್ಷೆ ಮುಗೀಲಿ ಅಂದಾರೆ ಹೆಡ್ಮಾಸ್ತರು."

ಇಷ್ಟರಲ್ಲಿ ಆಯುಧಪೂಜೆ ಬಂತು. ಪ್ರತಿ ವರ್ಷ ಯಂತ್ರಕ್ಕೆ ಪೂಜೆ ಮಾಡುತ್ತಿದ್ದವರು ಜವಾನರೇ. ಬೆರಳಿನ ತುದಿಯಲ್ಲಿ ಚೂರು ವಿಭೂತಿ ತೆಗೆದು ಹ್ಯಾಂಡಲ್ಲಿನ ಹಿಡಿಕೆಗೆ ಒಂದು ಬೊಟ್ಟಿಟ್ಟು, ಊದಿನಕಡ್ಡಿ ಬೆಳಗಿ, ಕಾಯಿ ಒಡೆದರೆ ಮುಗಿಯಿತು. ನನಗೆ ಅದು ತೀರಾ ಜಿಪುಣತನ ಅನ್ನಿಸಿತು. ವರ್ಷವಿಡೀ ದುಡಿಯುವ ಯಂತ್ರಕ್ಕೆ ಇಷ್ಟೇ ಮರ್ಯಾದೆಯೇ? ನಮ್ಮ ಮನೆಯಲ್ಲಿ ಪೂಜೆಯೆಂದರೆ ಮೊದಲು ಸ್ನಾನ, ಆಮೇಲೆ ವಿಭೂತಿ, ಅದೂ ಮೂರು ಬೆರಳಿನಲ್ಲಿ, ಹಣೆ ತುಂಬ. "ಈ ಸಲ ನಾನು ಮಾಡ್ತೀನಿ, ಆ ಕಡೆ ಸರೀರಿ" ಎಂದೆ.

ಹಳೆಯ ಬಟ್ಟೆಯನ್ನು ಕಿತ್ತು ಹಾಕಿ, ಡ್ರಮ್ಮಿಗೆ ಸೀಮೆಎಣ್ಣೆಯ ಅಭ್ಯಂಜನ ಮಾಡಿಸಿ, ಒರೆಸಿ, ಅದು ಬೆಳ್ಳಗೆ ಹೊಳೆಯುವ ಹಾಗೆ ಮಾಡಿದೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಗಂಧದಷ್ಟು ದಪ್ಪಗೆ ತೇಯ್ದು, ಮೂರು ಬೆರಳು ಅದ್ದಿ, ಡ್ರಮ್ಮಿನ ಈ ಕಡೆಯಿಂದ ಆ ಕಡೆಗೆ ಎಳೆದೆ. ನಟ್ಟನಡುವೆ ಕುಂಕುಮ, ರೂಪಾಯಿಯಗಲ. ಜವಾನರು ಬಾಗಿಲಲ್ಲಿ ಕಾಯಿ ಹಿಡಿದು ನಿಂತಿದ್ದರು. "ಅಮ್ಮಾರೆ, ಅದ್ರ ಮೈ ಮ್ಯಾಲೆ..." ಎಂದು ಏನೋ ಶುರು ಮಾಡಿದರು. ನಾನು ಕೈ ಎತ್ತಿ ತಡೆದೆ. ಪೂಜೆ ಮಾಡುವಾಗ ನಡುವೆ ಮಾತಾಡಿದರೆ ನನಗೆ ಆಗುತ್ತಿರಲಿಲ್ಲ. ಪೂಜೆಯಾದ ಮೇಲೆ ನಾನೇ ಪೊಟ್ಟಣದಿಂದ ಹೊಸ ಬಟ್ಟೆ ತೆಗೆದು ಡ್ರಮ್ಮಿಗೆ ಬಿಗಿಯಾಗಿ ಸುತ್ತಿದೆ, ದೇವರಿಗೆ ಮಡಿ ಉಡಿಸುವ ಹಾಗೆ. ಆಮೇಲೆ ಮಂಡಕ್ಕಿ ಬೆಲ್ಲ ತಿಂದು ಮನೆಗೆ ಹೋದೆ. ರಜೆಯಲ್ಲಿ ಆ ವಿಷಯವೇ ಮರೆತುಹೋಯಿತು.

ದೀಪಾವಳಿ ಕಳೆದ ಮೇಲೆ ಅರ್ಧವಾರ್ಷಿಕ ಪರೀಕ್ಷೆ. ಮೊದಲ ಸ್ಟೆನ್ಸಿಲ್ ಸಮಾಜ ವಿಜ್ಞಾನದ್ದು. ಜವಾನರು ತಿರುವಿದರು. ಬಂದ ಹಾಳೆಯನ್ನು ಹಿಡಿದು ನೋಡಿದೆ. ಮೇಲೆ ಚೆನ್ನಾಗಿ ಮೂಡಿತ್ತು, ಕೆಳಗೂ ಚೆನ್ನಾಗಿ ಮೂಡಿತ್ತು, ನಡುವೆ ಮೂರು ಅಡ್ಡ ಪಟ್ಟೆ ಮಾತ್ರ ಬೆಳ್ಳಗೆ ಖಾಲಿ. ಯುದ್ಧದ ಕಾರಣಗಳು ಮೊದಲ ಪಟ್ಟೆಯಲ್ಲಿ ಮಾಯವಾಗಿದ್ದವು, ಪರಿಣಾಮಗಳು ಎರಡನೆಯದರಲ್ಲಿ. ಮೂರನೆಯದು ಮಣ್ಣಿನ ಸವಕಳಿಯನ್ನು ಸವೆಸಿಬಿಟ್ಟಿತ್ತು.

"ಇನ್ನೊಂದ್ ಸಲ ತಿರುವ್ರಿ."

ತಿರುವಿದರು. ಅದೇ ಮೂರು ಪಟ್ಟೆ, ಅದೇ ಜಾಗದಲ್ಲಿ.

"ಪೂಜೆ ಆದಾಗ್ಲಿಂದ ಹಿಂಗಾಗೈತ್ರಿ" ಎಂದರು ಜವಾನರು.

ನನಗೆ ರೇಗಿತು. "ಅಂದ್ರೆ? ದೇವರು ಮುನಿಸ್ಕೊಂಡಾನಾ? ಓದಿದೋರ ನಡುವೆ ಇದ್ದೂ ಹಿಂಗ ಮಾತಾಡ್ತೀರಲ್ರೀ" ಎಂದು ಶುರು ಮಾಡಿ, ಮೂಢನಂಬಿಕೆ ಬಿಡಬೇಕು, ಪ್ರತಿಯೊಂದಕ್ಕೂ ಕಾರಣ ಇರುತ್ತದೆ, ಕಾರಣ ಹುಡುಕಬೇಕು ಎಂದು ಹತ್ತು ನಿಮಿಷ ಉಪದೇಶ ಮಾಡಿದೆ. ಅವರು ತಲೆ ತಗ್ಗಿಸಿ ಕೇಳಿದರು. ಯಂತ್ರಕ್ಕೆ ಸ್ನಾನ ಮಾಡಿಸಿ ಕುಂಕುಮ ಇಟ್ಟವಳು ನಾನೇ ಎಂಬುದು ಆ ಹತ್ತು ನಿಮಿಷದಲ್ಲಿ ಒಮ್ಮೆಯೂ ನನ್ನ ನೆನಪಿಗೆ ಬರಲಿಲ್ಲ.

ಕಾರಣ ಹುಡುಕಲು ಹೊರಟೆ. ಮೊದಲು ಸ್ಟೆನ್ಸಿಲ್ಲಿನ ಮೇಲೆ ಅನುಮಾನ. ಹೊಸದು ಹಚ್ಚಿ ಎರಡು ಗಂಟೆ ಕೂತು ಮತ್ತೆ ಟೈಪು ಮಾಡಿದೆ. ಪಟ್ಟೆ ಬಂತು. ಆಮೇಲೆ ಇಂಕಿನ ಮೇಲೆ ಅನುಮಾನ. ಇಂಕು ಕಡಿಮೆಯಾಗಿದೆ ಎಂದುಕೊಂಡು ಅರ್ಧ ಟ್ಯೂಬು ಒಳಗೆ ಹಿಂಡಿದೆ. ಪಟ್ಟೆಯ ಆಚೀಚೆ ಅಕ್ಷರಗಳೆಲ್ಲ ಉಬ್ಬಿ ಕಪ್ಪಿರುವೆಗಳ ಹಾಗಾದವು, ನನ್ನ ಸೀರೆಯ ನೆರಿಗೆಯಲ್ಲಿ ಒಂದು ಅಂಗೈಯಗಲ ಕಪ್ಪಾಯಿತು, ಪಟ್ಟೆ ಮಾತ್ರ ಮೊದಲಿಗಿಂತ ಬೆಳ್ಳಗೆ ಕಂಡಿತು. ಕೊನೆಗೆ ಕಾಗದದ ಮೇಲೆ ಅನುಮಾನ. ಒದ್ದೆ ಹಿಡಿದಿರಬೇಕು, ಬಿಸಿಲಿಗೆ ಹಾಕಿ ಎಂದೆ.

"ಜಗಳೂರಾಗೆ ಒದ್ದೆ ಎಲ್ಲೈತ್ರೀ, ಅಮ್ಮಾರೆ?" ಎಂದರು ಜವಾನರು. ಬಾವಿಯಿಂದ ಎರಡು ಕೊಡ ನೀರು ತರಲು ಅವರು ದಿನಾ ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲುತ್ತಿದ್ದರೆಂದು ನನಗೆ ಗೊತ್ತಿತ್ತು. ಆದರೂ ಹಾಕಿಸಿದೆ. ನಮ್ಮೂರಿನ ಗಾಳಿ ಸುಮ್ಮನಿರುವ ಗಾಳಿಯಲ್ಲ. ಮೇಲಿಟ್ಟ ಇಟ್ಟಿಗೆ ಜರುಗಿದ್ದೇ ತಡ, ಒಂದು ರೀಮಿನಲ್ಲಿ ಅರ್ಧ ಎದ್ದು ಶೇಂಗಾ ಹೊಲದ ಕಡೆ ಹೊರಟಿತು. ಆ ಹೊತ್ತಿಗೆ ಸರಿಯಾಗಿ ಒಂದು ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಜವಾನರು ಕುರಿಗಳ ನಡುವೆ ನುಗ್ಗಿ ಹಾಳೆ ಹೆಕ್ಕುತ್ತಿದ್ದರೆ, ಕುರಿಯವರು ಕಂಬಳಿ ಹೊದ್ದು ನಿಂತು, "ಪರೀಕ್ಷೆ ನಮ್ ಕುರಿಗೂ ಐತೇನ್ರೀ?" ಎಂದು ಕೇಳಿದರು. ಬಿಸಿಲಿನಲ್ಲಿ ಒಣಗಿದ ಕಾಗದದ ಮೇಲೆ ಪಟ್ಟೆ ಇನ್ನೂ ಗರಿಗರಿಯಾಗಿ ಬಂತು.

"ಪೂಜೆದಾಗೇ ಏನೋ ಆಗೈತ್ರಿ. ಆ ಬಟ್ಟೆ ಒಂದೀಟು ಬಿಚ್ಚಿ ನೋಡಿದ್ರೆ..." ಎಂದು ಜವಾನರು ಎರಡನೆಯ ಸಲ ಬಾಯಿ ತೆಗೆದರು.

"ಬಟ್ಟೆ ಹೊಸದು. ನನ್ ಕೈಯಾರೆ ಹಾಕೀನಿ. ಇನ್ನ ನಾನು ಹೇಳೋತನಕ ನೀವು ಈ ಯಂತ್ರ ಮುಟ್ಟಬಾರದು, ತಿಳೀತಾ?"

ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಮತ್ತೆ ಬಿಚ್ಚಲಿಲ್ಲ.

ಗಣಿತದ ಮೇಷ್ಟ್ರು ಮಾತ್ರ ಇದನ್ನೆಲ್ಲ ನೋಡಿ ಖುಷಿಯಾಗಿದ್ದರು. "ಎಲ್ಲಾ ಪ್ರಶ್ನೆನೂ ಬಿಟ್ಟ ಸ್ಥಳ ತುಂಬಿರಿ ಅಂತ ಮಾಡಿಬಿಡಮ್ಮ, ಜಾಗ ಅದೇ ಬಿಟ್ಟು ಕೊಡ್ತೈತೆ" ಎಂದರು. ನನಗೆ ಅಳು ಬರುವ ಹಾಗಾಯಿತು. ಆದರೂ ಅವರ ಮಾತು ಕೇಳಿ, ಪಟ್ಟೆ ಬೀಳುವ ಕಡೆ ಸಾಲು ಬಿಟ್ಟು ಟೈಪು ಮಾಡಿ ನೋಡಿದೆ. ಒಂದು ಹಾಳೆಯ ಪತ್ರಿಕೆ ಎರಡು ಹಾಳೆಯಾಯಿತು. ಪೆಟ್ಟಿಗೆಯಲ್ಲಿದ್ದ ಸ್ಟೆನ್ಸಿಲ್ಲುಗಳು ಆರು ವಿಷಯಕ್ಕೆ ಸಾಲವು ಎಂದು ಆಮೇಲೆ ಎಣಿಸಿದಾಗ ತಿಳಿಯಿತು. ಪರೀಕ್ಷೆಗೆ ಒಂದು ವಾರ ಉಳಿದಿತ್ತು.

ಹೆಡ್ಮಾಸ್ತರು ದಾವಣಗೆರೆಯಿಂದ ಮೆಕ್ಯಾನಿಕ್ಕನ್ನು ಕರೆಸಿದರು. ಆ ಪುಣ್ಯಾತ್ಮ ಬಸ್ಸಿಳಿದು ಬಂದಿದ್ದು ಹಾಲುಬಿಳುಪಿನ ಪ್ಯಾಂಟು, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕೂದಲಿಗೆ ಘಮಘಮ ಎಣ್ಣೆ ಹಾಕಿಕೊಂಡು. ಆ ದಿನ ಸಂಜೆ ಜಗಳೂರಿನಲ್ಲಿ ಅವನಿಗೆ ಹೆಣ್ಣು ನೋಡುವ ಶಾಸ್ತ್ರವಂತೆ. ಬಸ್ ಚಾರ್ಜು ಒಂದೇ ಆಗುತ್ತದೆಂದು ರಿಪೇರಿಯನ್ನೂ ಅದೇ ದಿನಕ್ಕೆ ಇಟ್ಟುಕೊಂಡಿದ್ದ. ಯಂತ್ರದಿಂದ ಒಂದು ಮಾರು ದೂರ ನಿಂತು, ಸ್ಕ್ರೂಡ್ರೈವರ್ ಚಾಚಿ ಡ್ರಮ್ಮನ್ನು ಎರಡು ಸಲ ಕುಟ್ಟಿ, ತಲೆ ಓರೆ ಮಾಡಿ ಶಬ್ದ ಕೇಳಿದ.

"ಡ್ರಮ್ಮೇ ಹೋಗೈತ್ರಿ. ಹೊಸಾದು ಹಾಕ್ಬೇಕು. ಬೊಂಬಾಯಿಂದ ಬರ್ಬೇಕು, ಎರಡು ತಿಂಗಳು."

"ಸ್ವಾಮಿ, ಅಮ್ಮಾರು ಪೂಜೆ ಮಾಡ್ದಾಗ..." ಎಂದರು ಜವಾನರು. ಅದು ಮೂರನೆಯ ಸಲ.

"ಪೂಜೆ ಮಾಡಿದ್ರೆ ಯಾವ್ದಾದ್ರೂ ಮಿಷನ್ ಕೆಡ್ತೈತೇನ್ರೀ? ಒರಟಾಗಿ ತಿರುವಿದ್ರೆ ಕೆಡ್ತೈತೆ" ಎಂದ ಮೆಕ್ಯಾನಿಕ್ಕು, ಚಹಾದ ಲೋಟವನ್ನು ಪ್ಯಾಂಟಿನಿಂದ ದೂರ ಹಿಡಿದು ಕುಡಿದು, ಕನ್ನಡಿ ಇದೆಯಾ ಎಂದು ಕೇಳಿ, ತಲೆ ಬಾಚಿಕೊಂಡು ಹೋದ. ಹೆಣ್ಣಿನವರು ಅವನನ್ನು ಒಪ್ಪಲಿಲ್ಲವೆಂದು ಮುಂದೆ ಕೇಳಿ ನನಗೆ ಬಹಳ ಸಂತೋಷವಾಯಿತು.

ಒರಟಾಗಿ ತಿರುವಿದರೆ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸರಿ, ಕಾರಣ ಸಿಕ್ಕಿತು. ತಿರುವುವವರು ಒಬ್ಬರೇ ತಾನೇ? ಅದೇ ಸಿಟ್ಟಿನಲ್ಲಿ ಟೈಪ್‌ರೈಟರ್ ಮುಂದೆ ಕೂತು ಹೆಡ್ಮಾಸ್ತರಿಗೆ ಒಂದು ವರದಿ ಬರೆದೆ. ಸದರಿ ದಿನಗೂಲಿ ನೌಕರರು ಯಂತ್ರದ ನಿರ್ವಹಣೆಯಲ್ಲಿ ತೀವ್ರ ನಿರ್ಲಕ್ಷ್ಯ ತೋರಿರುತ್ತಾರೆ, ಪ್ರಶ್ನಿಸಿದರೆ ಮೂಢನಂಬಿಕೆಯ ಉತ್ತರ ಕೊಡುತ್ತಾರೆ ಎಂದು. ನನ್ನ ಟೈಪಿಂಗಿನಲ್ಲಿ ಒಂದು ತಪ್ಪೂ ಇರಲಿಲ್ಲ. ಕವರಿಗೆ ಅಂಟು ಕೂಡ ಹಚ್ಚದೆ, "ಹೆಡ್ಮಾಸ್ತರ ಟೇಬಲ್ ಮ್ಯಾಲಿಡ್ರಿ" ಎಂದು ಅವರ ಕೈಗೇ ಕೊಟ್ಟೆ. ತಪಾಲು ವಿಂಗಡಿಸುವವರು ಅವರೇ, ಓದಲು ಚೆನ್ನಾಗಿ ಬರುತ್ತದೆ ಎಂದು ಗೊತ್ತಿದ್ದೂ ಕೊಟ್ಟೆ. ಅವರು ಇಟ್ಟು ಬಂದರು. ಮಾರನೆಯ ಬೆಳಿಗ್ಗೆ ಮೇಜು ಒರೆಸುವಾಗ ನನ್ ಕಾಗದ ಟೈಪಾತೇನ್ರಿ ಎಂದು ಕೇಳಲಿಲ್ಲ. ಅದು ನನಗೆ ಗೊತ್ತಾಯಿತು, ಆದರೆ ಗೊತ್ತಾಗದ ಹಾಗೆ ಇದ್ದೆ.

ಹಾಳಾದ ಪ್ರತಿಗಳನ್ನು ನಾನು ಒಲೆ ಹೊತ್ತಿಸಲೆಂದು ಮನೆಗೆ ಒಯ್ಯುತ್ತಿದ್ದೆ. ಆ ಸಂಜೆ ನಮ್ಮ ಅತ್ತೆ ಒಲೆಯ ಮುಂದೆ ರೊಟ್ಟಿ ತಟ್ಟಲು ಕೂತಿದ್ದರು. ನ್ಯಾಮತಿ ಕಡೆಯವರು, ಓದು ಬರಹ ಬಾರದು. ಒಂದು ಹಾಳೆ ಎತ್ತಿ ಬೆಂಕಿಗೆ ಹಿಡಿಯಲು ಹೋದವರು ಹಾಗೇ ಕೈ ಹಿಂದಕ್ಕೆ ತೆಗೆದರು.

"ಯವ್ವಾ, ಇದನ್ನ ಹೆಂಗೆ ಒಲಿಗೆ ಹಾಕ್ಲಿ? ಪಾಪ ಬರ್ತೈತಿ."

"ಯಾಕತ್ತಿ? ಹಾಳಾದ ಪ್ರಶ್ನೆಪತ್ರಿಕೆ ಅದು."

"ಪ್ರಶ್ನೆಗಿಶ್ನೆ ನನಗೇನು ತಿಳೀತೈತಿ? ಇಬತ್ತಿ ಹಚ್ಚೀರಲ್ಲ ಹಾಳಿಗೆ! ಮೂರು ಎಳಿ. ನಡುವೆ ಕುಂಕುಮ ಬ್ಯಾರೆ." ಅವರು ಹಾಳೆಯನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿ ದೇವರ ಪಕ್ಕ ಇಟ್ಟರು.

ನಾನು ನೋಡಿದೆ. ಹದಿನೈದು ದಿನ ಆ ಹಾಳೆಗಳನ್ನು ಓದಿದ್ದೆ, ಯಾವ ಅಕ್ಷರ ಹೋಗಿದೆ, ಯಾವುದು ಉಳಿದಿದೆ ಎಂದು. ಒಮ್ಮೆಯೂ ನೋಡಿರಲಿಲ್ಲ. ಮೂರು ಎಳೆ, ಒಂದೇ ಅಗಲ, ನನ್ನದೇ ಬೆರಳಿನ ಅಗಲ. ನಡುವಿನ ಎಳೆಯ ಮಧ್ಯೆ ದುಂಡಗೆ ಒಂದು ಉಬ್ಬು, ರೂಪಾಯಿಯಗಲ. ಗೂಡಿನಲ್ಲಿ ಕೂತ ದೇವರ ಹಣೆಗೂ ಸಮಾಜ ವಿಜ್ಞಾನದ ಪತ್ರಿಕೆಗೂ ಏನೂ ವ್ಯತ್ಯಾಸವಿರಲಿಲ್ಲ. ನನಗೆ ನಗು ಬಂತು. ನಗುತ್ತ ನಗುತ್ತ ಆ ಕವರು ನೆನಪಾಯಿತು. ಆ ದಿನ ರೊಟ್ಟಿ ಸೇರಲಿಲ್ಲ.

ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಶಾಲೆಗೆ ಹೋಗಿ ಡ್ರಮ್ಮಿನ ಬಟ್ಟೆ ಬಿಚ್ಚಿದೆ. ವಿಭೂತಿ ಇಂಕು ಕುಡಿದು ಸಿಮೆಂಟಿನ ಹಾಗೆ ಗಟ್ಟಿಯಾಗಿ, ಮೂರು ಸಾಲು ತೂತುಗಳನ್ನು ಮುಚ್ಚಿಕೊಂಡು ಕೂತಿತ್ತು. ಜವಾನರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿ ಸೀಮೆಎಣ್ಣೆ ಸೀಸೆ, ಹಲ್ಲುಜ್ಜುವ ಹಳೆಯ ಬ್ರಷ್ಷು, ಒಂದು ಡಬ್ಬಿ ಗುಂಡುಪಿನ್ನು. ಎಲ್ಲವನ್ನೂ ಮೊದಲೇ ಒಟ್ಟು ಮಾಡಿ ಇಟ್ಟುಕೊಂಡಿದ್ದರೆಂದು ನೋಡಿದರೇ ತಿಳಿಯುತ್ತಿತ್ತು.

"ನಿಮಗೆ ಗೊತ್ತಿತ್ತಾ, ಅಣ್ಣಾರೆ?"

"ಮೂರು ಸಲ ಹೇಳಿದ್ನಲ್ರೀ."

"ಬಿಡಿಸಿ ಹೇಳಬಾರದಿತ್ತಾ?"

ಅವರು ಸೀಸೆಯ ಬಿರಡೆ ತೆಗೆದರು. "ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ, ಬೈದ್ರಿ."

ಬ್ರಷ್ಷು ನನ್ನ ಕೈಗೆ ಕೊಟ್ಟು, "ನೀವು ಹಚ್ಚಿದ ಇಬತ್ತಿ, ನೀವೇ ಮೊದ್ಲು ಒರಸ್ರಿ. ಆಮ್ಯಾಲೆ ನಾನು ಹಿಡೀತೀನಿ" ಎಂದರು. ಒರೆಸಿದೆ. ಆಮೇಲೆ ಇಬ್ಬರೂ ಎರಡು ಕಡೆ ಕೂತು, ಒಂದೊಂದೇ ತೂತಿಗೆ ಪಿನ್ನು ಚುಚ್ಚಿ ಕೆದಕಿದೆವು. ಅವರು ಹಗುರಾಗಿ ತಿರುವಿ ತೆಗೆಯುತ್ತಿದ್ದರು. ನಾನು ಆತುರಕ್ಕೆ ಕುಂಕುಮದ ಜಾಗದಲ್ಲಿ ಜೋರಾಗಿ ಒತ್ತಿ, ನಾಲ್ಕಾರು ಪಿನ್ನುಗಳನ್ನು ಒಳಗೇ ಮುರಿದುಬಿಟ್ಟೆ. ಆ ತೂತುಗಳು ಮತ್ತೆ ಯಾವತ್ತೂ ತೆರೆಯಲಿಲ್ಲ. ಮೇಲಿನ ಬಟ್ಟೆಯೂ ವಿಭೂತಿ ಕುಡಿದು ಕೆಟ್ಟಿತ್ತು. ಬೇರೆ ಇರಲಿಲ್ಲವಾದ್ದರಿಂದ ನಾನು ಮನೆಗೆ ಓಡಿ, ಯಜಮಾನರ ಮಲ್ಲಿನ ಪಂಚೆಯಿಂದ ಒಂದು ತುಂಡು ಕತ್ತರಿಸಿ ತಂದೆ. ಅವರು ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ. ಪಂಚೆ ಸುತ್ತಿ ತಿರುವಿದಾಗ ಯುದ್ಧದ ಕಾರಣಗಳೂ ಪರಿಣಾಮಗಳೂ ಮಣ್ಣಿನ ಸವಕಳಿಯೂ ಎಲ್ಲ ಬಂದವು. ನಟ್ಟನಡುವೆ ಒಂದು ಸಣ್ಣ ಬಿಳಿ ಬೊಟ್ಟು ಮಾತ್ರ ಉಳಿಯಿತು.

ಅಷ್ಟಾದ ಮೇಲೆ ಹೆಡ್ಮಾಸ್ತರ ಕೋಣೆಗೆ ಹೋದೆ. ನಡೆದದ್ದೆಲ್ಲ ಹೇಳಿ, ಆ ವರದಿ ವಾಪಸ್ಸು ಕೊಡಿ ಸಾರ್ ಎಂದೆ. ಅವರು ಮೊದಲು ನಗಬೇಕೋ ಬೇಡವೋ ಎಂದು ನೋಡಿ, ಆಮೇಲೆ ಕನ್ನಡಕ ತೆಗೆದರು.

"ಅದು ಈಗ ತಾನೇ ತಪಾಲಿಗೆ ಹೋತಲ್ಲಮ್ಮ. ಖಾಯಂ ಮಾಡೋ ಬಗ್ಗೆ ಮೇಲಿನೋರು ತುರ್ತಾಗಿ ಅಭಿಪ್ರಾಯ ಕೇಳಿದ್ರು. ಕೈಯಾಗೇ ಎರಡು ಸಾಲು ಬರೆದು ನಿನ್ನ ವರದಿನೂ ಲಗತ್ತಿಸಿ ಕಳಿಸ್ದೆ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಶಾಲೆಯ ಟೈಪಿಸ್ಟ್ ಮೈದಾನದಲ್ಲಿ ಓಡುವುದನ್ನು ಮೂರು ತರಗತಿಯವರು ಕಿಟಕಿಯಿಂದ ನೋಡಿದರು. ಜವಾನರು ಗೇಟಿನ ಆಚೆ ಸೈಕಲ್ ಮೇಲೆ ಕಾಲು ಹಾಕುತ್ತಿದ್ದರು, ಹೆಗಲಿಗೆ ತಪಾಲು ಚೀಲ.

"ಆ ಉದ್ದ ಕವರು ಕೊಡ್ರಿ, ಅಣ್ಣಾರೆ."

ಹುಡುಕಲಿಲ್ಲ. ಯಾವುದೆಂದು ಕೇಳಲೂ ಇಲ್ಲ. ಎಲ್ಲಕ್ಕಿಂತ ಕೆಳಗಿದ್ದುದನ್ನು ಎಳೆದು ಕೊಟ್ಟರು.

"ಇದ್ರಾಗೆ ಏನೈತೆ ಅಂತ ಗೊತ್ತಿತ್ತಾ?"

"ಗೊತ್ತೈತ್ರಿ."

"ಗೊತ್ತಿದ್ದೂ ಪೋಸ್ಟಿಗೆ ಹಾಕಾಕೆ ಹೊರಟಿದ್ರಾ?"

"ಹಾಕೋದು ನನ್ ಕೆಲಸ ಅಲ್ಲೇನ್ರೀ, ಅಮ್ಮಾರೆ?"

ನಾನು ಅಲ್ಲೇ ಗೇಟಿನ ಹತ್ತಿರ ನಿಂತು ಅತ್ತುಬಿಟ್ಟೆ. ಅವರಿಗೆ ಏನು ಮಾಡಬೇಕೋ ತಿಳಿಯದೆ ಸೈಕಲ್ಲಿನ ಗಂಟೆಯನ್ನು ಎರಡು ಸಲ ಬಾರಿಸಿದರು. ಕವರನ್ನು ಹರಿದು, ಒಳಗೆ ಹೋಗಿ, ಅವರ ಕಾಗದವನ್ನು ಟೈಪು ಮಾಡಿದೆ. ಹೆಡ್ಮಾಸ್ತರು ಹೇಳಿದ್ದಕ್ಕಿಂತ ನಾಲ್ಕು ಸಾಲು ಹೆಚ್ಚೇ ಬರೆದೆ. ಅವರು ಓದಿ ಸಹಿ ಹಾಕಿದರು. ಅದು ಅದೇ ದಿನದ ತಪಾಲಿನಲ್ಲಿ ಜವಾನರದೇ ಚೀಲದಲ್ಲಿ ಹೋಯಿತು.

ಅವರನ್ನು ಖಾಯಂ ಮಾಡಿದ ಆರ್ಡರು ಬಂದಿದ್ದು ಮುಂದಿನ ಆಯುಧಪೂಜೆಯ ಹೊತ್ತಿಗೆ. ಆ ವರ್ಷ ವಿಭೂತಿ ತಟ್ಟೆಯನ್ನು ನಾನೇ ಅವರ ಕೈಗೆ ಕೊಟ್ಟು ಬಾಗಿಲಲ್ಲಿ ಕಾಯಿ ಹಿಡಿದು ನಿಂತೆ. ಅವರು ಹಿಡಿಕೆಗೆ ಒಂದು ಬೊಟ್ಟಿಟ್ಟರು, ಅಷ್ಟೇ. ಆಮೇಲೆ ಆರ್ಡರಿನ ಪ್ರತಿಗಳನ್ನು ನಾಲ್ಕು ಕಡೆ ಕಳಿಸಬೇಕಿತ್ತು. ನಾನು ಸ್ಟೆನ್ಸಿಲ್ ಹೊಡೆದೆ, ಅವರೇ ತಿರುವಿದರು. ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನ್ನ ಆ ಬಿಳಿ ಬೊಟ್ಟು ಸರಿಯಾಗಿ ಹೋಗಿ ಖಾಯಂ ಎಂಬ ಪದದ ಮೇಲೆ ಕೂತಿತ್ತು. ಪದವೇ ಕಾಣುತ್ತಿರಲಿಲ್ಲ.

"ಬೇರೆ ಹೊಡೀತೀನಿ, ಒಂದು ಸಾಲು ಕೆಳಗಿಳಿಸಿ" ಎಂದು ಹಾಳೆ ಕಿತ್ತುಕೊಳ್ಳಲು ಹೋದೆ.

ಅವರು ಬಿಡಲಿಲ್ಲ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಆ ಬಿಳಿ ಜಾಗದಲ್ಲಿ ದುಂಡಗೆ, ನಿಧಾನವಾಗಿ, ಖಾಯಂ ಎಂದು ತಮ್ಮ ಕೈಯಲ್ಲೇ ಬರೆದುಕೊಂಡು, ಮಡಚಿ ಖಾಕಿ ಅಂಗಿಯ ಜೇಬಿಗಿಟ್ಟರು.

"ಈಗ ಬೇರೆ ಹೊಡೀರಿ" ಎಂದರು. "ಇದು ನನಗಿರ್ಲಿ."